ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (ಜನವರಿ 12, 1895 – ಆಗಸ್ಟ್ 1948) ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಜೀವರಸಾಯನ ವಿಜ್ಞಾನಿ. ದೇಹದ್ರವಗಳಲ್ಲಿರುವ ರಂಜಕವನ್ನು ಅಳೆಯುವ ಫಿಸ್ಕೆ–ಸುಬ್ಬರಾವ್ ವಿಧಾನ, ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಮತ್ತು ಅಡಿನೋಸಿನ್ ಟ್ರೈಫಾಸ್ಫೇಟ್ (ಎಟಿಪಿ) ಎಂಬ ಸಂಯುಕ್ತಗಳ ಶೋಧ, ಫೋಲಿಕ್ ಆಮ್ಲದ ಸಂಶ್ಲೇಷಣೆ, ಆನೆಕಾಲು ರೋಗದ ಔಷಧ ಡೈಈಥೈಲ್ ಕಾರ್ಬಮಜೀನ್, ಕ್ಯಾನ್ಸರ್ ಔಷಧ ಮೆಥೊಟ್ರೆಕ್ಸೇಟ್ – ಇವೆಲ್ಲವುಗಳ ಹಿಂದೆ ಅವರ ಅಥವಾ ಅವರು ಮುನ್ನಡೆಸಿದ ತಂಡದ ದುಡಿಮೆ ಇದೆ. ಜೀವಂತ ಕ್ಯಾನ್ಸರ್ ಗಡ್ಡೆಯನ್ನು ಕೊಯ್ಯದೆ, ಸೂಜಿ ಚುಚ್ಚದೆ, ಕಾಂತೀಯ ಅನುರಣನದ ಮೂಲಕ ಅದರೊಳಗಿನ ಆಮ್ಲತೆಯನ್ನು ಅಳೆಯುವ ವಿಧಾನವು ಅವರ ಮರಣಾನಂತರ ರೂಪುಗೊಂಡಿತು. ಆ ಅಳತೆಗೆ ಆಧಾರವಾಗಿರುವ ವಸ್ತುಗಳು ಅವರು ಹಾರ್ವರ್ಡ್‌ನ ಪ್ರಯೋಗಶಾಲೆಯಲ್ಲಿ ಕಂಡುಹಿಡಿದವೇ ಆಗಿವೆ.

ಹೆಸರು

ಯಲ್ಲಾಪ್ರಗಡ ಎಂಬುದು ಮನೆತನದ ಹೆಸರು. ತೆಲುಗರಲ್ಲಿ ಮನೆತನದ ಹೆಸರನ್ನು ಮೊದಲು ಹೇಳುವುದು ವಾಡಿಕೆ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ, ಮುಳಬಾಗಿಲಿನಂತಹ ಗಡಿ ಊರುಗಳವರಿಗೆ ಈ ಪದ್ಧತಿ ಹೊಸದಲ್ಲ. ಆದರೆ ಅಮೆರಿಕದಲ್ಲಿ ಕೊನೆಯ ಪದವನ್ನೇ ಕುಲನಾಮವೆಂದು ಗಣಿಸುವುದರಿಂದ ಅಲ್ಲಿನ ಪ್ರಬಂಧಗಳಲ್ಲಿ ಅವರು ಕೇವಲ ಸುಬ್ಬರಾವ್ ಆಗಿ ಉಳಿದರು. ಹಳೆಯ ಸೂಚಿಗಳಲ್ಲಿ ಅವರ ಕೃತಿಗಳನ್ನು ಹುಡುಕುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಬ್ಬರಾವ್ ಅವರು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ, ಇಂದಿನ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆ ಕಂದಾಯ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಅನಾರೋಗ್ಯದಿಂದ ಅವರು ಬೇಗನೆ ನಿವೃತ್ತರಾದ ಕಾರಣ ದೊಡ್ಡ ಸಂಸಾರವು ಕಷ್ಟಕ್ಕೆ ಸಿಲುಕಿತು. ಬಾಲಕನಿಗೆ ಓದಿನಲ್ಲಿ ಆಸಕ್ತಿಯಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವ ಯೋಚನೆಯಿಂದ ಮನೆ ಬಿಟ್ಟು ಹೊರಟ ಆತನನ್ನು ದಾರಿಯಿಂದಲೇ ಹಿಡಿದು ತಂದರು. ತಾಯಿ ವೆಂಕಮ್ಮನವರು ಪಟ್ಟು ಬಿಡದೆ, ಒಡವೆ ಮಾರಿ ಮಗನನ್ನು ಮದರಾಸಿನ ಹಿಂದೂ ಹೈಸ್ಕೂಲಿಗೆ ಸೇರಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾದದ್ದು ಮೂರನೆಯ ಪ್ರಯತ್ನದಲ್ಲಿ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಮನಸ್ಸು ರಾಮಕೃಷ್ಣ ಮಠದ ಕಡೆಗೆ ತಿರುಗಿತು. ಸಂನ್ಯಾಸ ಸ್ವೀಕರಿಸುವ ಇಚ್ಛೆಗೆ ತಾಯಿ ಒಪ್ಪಲಿಲ್ಲ. ವೈದ್ಯನಾಗಿಯೂ ಜನಸೇವೆ ಮಾಡಬಹುದೆಂಬ ಸಮಾಧಾನದೊಡನೆ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬವರು ವಿದ್ಯಾಭ್ಯಾಸಕ್ಕೆ ನೆರವಾದರು. 1919ರಲ್ಲಿ ಅವರ ಮಗಳು ಶೇಷಗಿರಿಯೊಡನೆ ಸುಬ್ಬರಾವ್ ಅವರ ವಿವಾಹ ನಡೆಯಿತು.

ಸ್ವದೇಶಿ ಚಳವಳಿಯ ಕಾಲವದು. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಅವರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಖಾದಿಯ ನಿಲುವಂಗಿಯನ್ನೇ ತೊಟ್ಟರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಅವರಿಗೆ ಇದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆಗಳನ್ನು ಚೆನ್ನಾಗಿ ಬರೆದಿದ್ದರೂ ಸುಬ್ಬರಾವ್ ಅವರಿಗೆ ದೊರೆತದ್ದು ಪೂರ್ಣ ಪದವಿಯಾದ ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರ. ಅದರಿಂದ ಮದರಾಸಿನ ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಅವರಿಗೆ ಮುಚ್ಚಿತು. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿ ಕೆಲಸ ಮಾಡಿದರು. ಇದೇ ಅವಧಿಯಲ್ಲಿ ಇಬ್ಬರು ಸೋದರರನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡರು. ಕರುಳು ಆಹಾರವನ್ನು ಹೀರಿಕೊಳ್ಳಲಾರದೆ ರೋಗಿ ರಕ್ತಹೀನನಾಗಿ ಸೊರಗುವ ‘ಸ್ಪ್ರೂ’ ಎಂಬ ಉಷ್ಣವಲಯದ ರೋಗಕ್ಕೆ ಅಂದು ಮದ್ದಿರಲಿಲ್ಲ. ಮನೆಗೆ ಬಂದ ಈ ಸಾವುಗಳೇ ಅವರನ್ನು ಚಿಕಿತ್ಸಕನ ವೃತ್ತಿಗಿಂತ ಸಂಶೋಧನೆಯ ಕಡೆಗೆ ಹೆಚ್ಚಾಗಿ ತಳ್ಳಿದವು ಎಂದರೆ ತಪ್ಪಾಗಲಾರದು.

ಬಾಸ್ಟನ್

ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆಯ ನೆರವು ಮತ್ತು ಮಾವನವರು ಕೊಟ್ಟ ಹಣದಿಂದ ಸುಬ್ಬರಾವ್ ಅವರು ಅಮೆರಿಕಕ್ಕೆ ಹೊರಟು, 1922ರ ಅಕ್ಟೋಬರ್ 26ರಂದು ಬಾಸ್ಟನ್ ನಗರವನ್ನು ತಲುಪಿದರು. ಪತ್ನಿ ಶೇಷಗಿರಿ ಊರಿನಲ್ಲೇ ಉಳಿದರು. ಅನಂತರ ಹುಟ್ಟಿದ ಗಂಡುಮಗು ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆ ಮಗನ ಮುಖವನ್ನು ನೋಡಲಿಲ್ಲ. ಸುಬ್ಬರಾವ್ ಅವರು ಮತ್ತೆ ಭಾರತಕ್ಕೆ ಬರಲೂ ಇಲ್ಲ. ಅವರ ಸಾಧನೆಯನ್ನು ಹೊಗಳುವ ಲೇಖನಗಳು ಶೇಷಗಿರಿಯವರ ದೀರ್ಘ ಕಾಯುವಿಕೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಆದರೆ ಆ ಸಾಧನೆಯ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು ಅವರೇ.

ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯದ ವೈದ್ಯಶಾಸ್ತ್ರ ಶಾಲೆಗೆ ಪ್ರವೇಶ ದೊರೆತರೂ ವಿದ್ಯಾರ್ಥಿವೇತನವಿರಲಿಲ್ಲ. ವೈದ್ಯಕೀಯ ಪ್ರಮಾಣಪತ್ರ ಹೊಂದಿದ್ದ ಅವರು ಆಸ್ಪತ್ರೆಯೊಂದರ ರಾತ್ರಿ ಪಾಳಿಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ ಮಾಡಿ ಊಟದ ವೆಚ್ಚವನ್ನು ತೂಗಿಸಿದರು. 1924ರಲ್ಲಿ ಡಿಪ್ಲೊಮಾ ಪಡೆದು, ಓಟೊ ಫೋಲಿನ್ ಮುಖ್ಯಸ್ಥರಾಗಿದ್ದ ಜೀವರಸಾಯನಶಾಸ್ತ್ರ ವಿಭಾಗಕ್ಕೆ ಸೇರಿದರು. ಅಲ್ಲಿ ಸೈರಸ್ ಫಿಸ್ಕೆ ಅವರ ಮಾರ್ಗದರ್ಶನ ದೊರೆಯಿತು.

ರಂಜಕದ ಅಳತೆ ಮತ್ತು ಸ್ನಾಯುವಿನ ಗುಟ್ಟು

ಫಿಸ್ಕೆ ಅವರು ಕೊಟ್ಟ ಮೊದಲ ಕೆಲಸ, ರಕ್ತ ಮತ್ತು ಮೂತ್ರದಲ್ಲಿರುವ ರಂಜಕದ ಪ್ರಮಾಣವನ್ನು ನಂಬಿಕೆಗೆ ಅರ್ಹವಾಗಿ ಅಳೆಯುವ ವಿಧಾನವನ್ನು ರೂಪಿಸುವುದು. ಅದರ ತತ್ತ್ವ ಸರಳ. ಮಾದರಿಗೆ ಆಮ್ಲವನ್ನೂ ಅಮೋನಿಯಂ ಮಾಲಿಬ್ಡೇಟನ್ನೂ ಬೆರೆಸಿದರೆ ಅದರಲ್ಲಿರುವ ಫಾಸ್ಫೇಟ್ ಮಾಲಿಬ್ಡೇಟಿನೊಡನೆ ಕೂಡಿಕೊಳ್ಳುತ್ತದೆ. ಅದಕ್ಕೆ ತಕ್ಕ ಅಪಕರ್ಷಣಕಾರಿಯೊಂದನ್ನು ಸೇರಿಸಿದಾಗ ದ್ರಾವಣ ನೀಲಿಯಾಗುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಬಣ್ಣವನ್ನು ಗೊತ್ತಿರುವ ಪ್ರಮಾಣದ ದ್ರಾವಣದೊಡನೆ ಹೋಲಿಸಿ ಲೆಕ್ಕ ಹಾಕಬಹುದು. ಹಿಂದಿನ ವಿಧಾನಗಳಲ್ಲಿ ಬಣ್ಣ ನಿಧಾನವಾಗಿ ಬರುತ್ತಿತ್ತು, ಬಂದದ್ದು ನಿಲ್ಲುತ್ತಿರಲಿಲ್ಲ. ಇವರು ಆರಿಸಿಕೊಂಡ ಅಮಿನೊನ್ಯಾಫ್ಥಾಲ್ ಸಲ್ಫೋನಿಕ್ ಆಮ್ಲವು ಈ ಎರಡು ಕುಂದುಗಳನ್ನೂ ಬಹಳಮಟ್ಟಿಗೆ ಕಳೆಯಿತು. 1925ರಲ್ಲಿ ಪ್ರಕಟವಾದ ಈ ವಿಧಾನವು ಜೀವರಸಾಯನಶಾಸ್ತ್ರದಲ್ಲಿ ಅತಿ ಹೆಚ್ಚು ಬಳಕೆಯಾದ ವಿಧಾನಗಳಲ್ಲೊಂದು.

ಮುಂದಿನ ಶೋಧ ಈ ವಿಧಾನದಲ್ಲಿ ಕಂಡ ಒಂದು ಸಣ್ಣ ತೊಡಕಿನಿಂದ ಹುಟ್ಟಿತು. ಸ್ನಾಯುವಿನ ಸಾರವನ್ನು ಪರೀಕ್ಷಿಸಿದಾಗ ನೀಲಿ ಬಣ್ಣ ಕೂಡಲೇ ಪೂರ್ಣವಾಗಿ ಬರದೆ, ಹೊತ್ತು ಕಳೆದಂತೆ ಏರುತ್ತಾ ಹೋಗುತ್ತಿತ್ತು. ಅವಸರದ ಸಂಶೋಧಕನಾದರೆ ಇದನ್ನು ಪ್ರಯೋಗದ ದೋಷವೆಂದು ಬದಿಗೆ ಸರಿಸುತ್ತಿದ್ದನು. ಫಿಸ್ಕೆ ಮತ್ತು ಸುಬ್ಬರಾವ್ ಹಾಗೆ ಮಾಡಲಿಲ್ಲ. ಯಾವುದೋ ಒಂದು ಅಸ್ಥಿರ ಸಂಯುಕ್ತವು ಪರೀಕ್ಷೆಯ ಆಮ್ಲದಲ್ಲಿ ಒಡೆಯುತ್ತಾ ಸ್ವಲ್ಪ ಸ್ವಲ್ಪವಾಗಿ ಫಾಸ್ಫೇಟನ್ನು ಬಿಟ್ಟುಕೊಡುತ್ತಿರಬೇಕು ಎಂದು ಅವರು ತರ್ಕಿಸಿದರು. ಹುಡುಕಿದಾಗ ದೊರೆತದ್ದು ಕ್ರಿಯಾಟಿನ್ ಮತ್ತು ಫಾಸ್ಫೇಟ್ ಕೂಡಿದ ಫಾಸ್ಫೋಕ್ರಿಯಾಟಿನ್. ಸ್ನಾಯು ದುಡಿದಾಗ ಅದು ಕಡಿಮೆಯಾಗುತ್ತದೆ, ವಿಶ್ರಾಂತಿಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಎಂಬುದನ್ನೂ ಅವರು ತೋರಿಸಿದರು. 1927ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಎಗಲ್‌ಟನ್ ದಂಪತಿಗಳೂ ಇಂತಹ ಅಸ್ಥಿರ ರಂಜಕ ಸಂಯುಕ್ತವೊಂದನ್ನು ಸ್ನಾಯುವಿನಲ್ಲಿ ಗುರುತಿಸಿದ್ದರು.

ಇದರ ಮಹತ್ವ ತಿಳಿಯಬೇಕಾದರೆ ಆ ಕಾಲದ ನಂಬಿಕೆಯನ್ನು ನೆನೆಯಬೇಕು. ಸ್ನಾಯು ಸಂಕುಚಿಸುವುದಕ್ಕೆ ಅದರಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಮ್ಲವೇ ನೇರ ಕಾರಣವೆಂದು ವಿದ್ವಾಂಸರು ಭಾವಿಸಿದ್ದರು. ಸ್ನಾಯುವಿನ ಕುರಿತ ಕೆಲಸಕ್ಕಾಗಿ ಆರ್ಚಿಬಾಲ್ಡ್ ಹಿಲ್ ಮತ್ತು ಓಟೊ ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಪ್ರಶಸ್ತಿಯೂ ಸಂದಿತ್ತು. ಫಾಸ್ಫೋಕ್ರಿಯಾಟಿನ್ ಆ ಚಿತ್ರವನ್ನು ಬದಲಿಸಿತು. ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ತಡೆದರೂ ಸ್ನಾಯು ಸ್ವಲ್ಪ ಕಾಲ ಸಂಕುಚಿಸಬಲ್ಲದು ಎಂದು 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗೋರ್ ತೋರಿಸಿದ ಮೇಲೆ ಹಳೆಯ ವಾದ ಕುಸಿಯಿತು. 1929ರಲ್ಲಿ ಫಿಸ್ಕೆ–ಸುಬ್ಬರಾವ್ ಜೋಡಿ ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿತು. ಜರ್ಮನಿಯ ಕಾರ್ಲ್ ಲೋಮನ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಕಂಡಿದ್ದು ಕೆಲವು ವಾರಗಳ ಮುಂಚೆ ಪ್ರಕಟಿಸಿದ್ದರಿಂದ ಪಠ್ಯಪುಸ್ತಕಗಳು ಹೆಚ್ಚಾಗಿ ಅವರ ಹೆಸರನ್ನೇ ಮೊದಲು ಹೇಳುತ್ತವೆ. ಜೀವಕೋಶದ ಶಕ್ತಿಯ ಚಲಾವಣೆ ನಾಣ್ಯವೆಂದು ಎಟಿಪಿಯನ್ನು ಇಂದು ಶಾಲಾ ಮಕ್ಕಳೂ ಬಲ್ಲರು. ಅದನ್ನು ಕಂಡವರಲ್ಲಿ ಗೋದಾವರಿ ತೀರದವರೊಬ್ಬರಿದ್ದರೆಂಬುದು ಹೇಳಿದರೆ ಮಾತ್ರ ತಿಳಿಯುತ್ತದೆ.

1930ರಲ್ಲಿ ಅವರಿಗೆ ಪಿಎಚ್‌.ಡಿ. ಪದವಿ ಬಂತು. ಹಾರ್ವರ್ಡ್‌ನಲ್ಲಿ ಇನ್ನೂ ಹತ್ತು ವರ್ಷ ದುಡಿದರೂ ಕಾಯಂ ಹುದ್ದೆ ದೊರೆಯಲಿಲ್ಲ. ಜೀವಸತ್ತ್ವಗಳ ಮೇಲೆ, ಯಕೃತ್ತಿನಲ್ಲಿರುವ ರಕ್ತವರ್ಧಕ ಅಂಶಗಳ ಮೇಲೆ ಅವರು ಗಮನ ಹರಿಸಿದ್ದು ಈ ವರ್ಷಗಳಲ್ಲಿ. ಆಗ ಅಲ್ಲಿ ಅವರ ಸಹೋದ್ಯೋಗಿಯಾಗಿದ್ದು, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಅವರು ತರುವಾಯ ಒಂದು ಗಂಭೀರ ವಿಷಯವನ್ನು ಹೇಳಿದರು. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡುಗಳನ್ನು ಫಿಸ್ಕೆ ಬೆಳಕಿಗೆ ಬರಗೊಡಲಿಲ್ಲವೆಂದೂ, ಅವುಗಳನ್ನು ಬೇರೆಯವರು ವರ್ಷಗಳ ಅನಂತರ ಮತ್ತೆ ಕಂಡುಹಿಡಿಯಬೇಕಾಯಿತೆಂದೂ, ಇದಕ್ಕೆ ಮತ್ಸರವೇ ಕಾರಣವೆಂದೂ ಅವರ ಅಭಿಪ್ರಾಯ. ಫಿಸ್ಕೆ ಅವರ ಕಡೆಯ ಮಾತು ನಮಗೆ ಇಷ್ಟೇ ಸ್ಪಷ್ಟವಾಗಿ ದೊರೆಯದಿರುವುದರಿಂದ ಇದನ್ನು ಹಿಚಿಂಗ್ಸ್ ಅವರ ಹೇಳಿಕೆಯಾಗಿಯೇ ಓದುವುದು ನ್ಯಾಯ.

ಲೆಡರ್ಲೆ ಪ್ರಯೋಗಾಲಯ

1940ರಲ್ಲಿ ಸುಬ್ಬರಾವ್ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿ, ಸ್ವಲ್ಪ ಕಾಲದಲ್ಲಿಯೇ ಅದರ ಸಂಶೋಧನಾ ನಿರ್ದೇಶಕರಾದರು. ಅದು ಅಮೆರಿಕನ್ ಸಯನಮೈಡ್ ಎಂಬ ಕಂಪನಿಯ ಅಂಗ. ರಸಗೊಬ್ಬರಕ್ಕಾಗಿ ಕ್ಯಾಲ್ಸಿಯಂ ಸಯನಮೈಡ್ ತಯಾರಿಸಲು ಹುಟ್ಟಿದ ಆ ಕಂಪನಿ, ಅದರಿಂದಲೇ ಚಿನ್ನದ ಗಣಿಗಳಿಗೆ ಬೇಕಾದ ಸೈನೈಡನ್ನೂ ತಯಾರಿಸುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಸುತ್ತಲಿನ ಸೈನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದವರಿಗೆ ಆ ಪದದ ಪರಿಚಯ ಬೇರೆ ಬೇಕಿಲ್ಲ. ಅಂತಹ ಕಂಪನಿಯ ಒಂದು ಅಂಗದಿಂದ ಮಕ್ಕಳ ಪ್ರಾಣ ಉಳಿಸುವ ಔಷಧಗಳು ಬಂದವೆಂಬುದು ಕುತೂಹಲದ ಸಂಗತಿ.

ಇಲ್ಲಿ ಸುಬ್ಬರಾವ್ ಅವರ ಕೆಲಸದ ಸ್ವರೂಪ ಬದಲಾಯಿತು. ಸ್ವತಃ ಪರೀಕ್ಷಾನಾಳ ಹಿಡಿಯುವುದಕ್ಕಿಂತ, ರಸಾಯನ ವಿಜ್ಞಾನಿಗಳು, ಸೂಕ್ಷ್ಮಜೀವಿ ತಜ್ಞರು, ವೈದ್ಯರು ಕೂಡಿದ ದೊಡ್ಡ ತಂಡಕ್ಕೆ ದಿಕ್ಕು ತೋರಿಸುವುದು ಮುಖ್ಯವಾಯಿತು. ಅವರ ತಂಡ 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿ, ಮರುವರ್ಷ ಅದರ ರಚನೆಯನ್ನು ಪ್ರಕಟಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಸೋದರರನ್ನು ಕೊಂಡೊಯ್ದ ರೋಗಕ್ಕೆ ಸುಮಾರು ಕಾಲು ಶತಮಾನದ ತರುವಾಯ ಅಣ್ಣತಮ್ಮಂದಿರಲ್ಲೊಬ್ಬರ ತಂಡದಿಂದಲೇ ಚಿಕಿತ್ಸೆ ದೊರೆತಂತಾಯಿತು. ಇಂದು ಗರ್ಭಿಣಿಯರಿಗೆ ಆರೋಗ್ಯ ಕೇಂದ್ರಗಳಲ್ಲಿ ಕಬ್ಬಿಣಾಂಶದ ಜೊತೆಗೆ ಕೊಡುವುದೂ ಇದೇ ಫೋಲಿಕ್ ಆಮ್ಲ.

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯ ತಗುಲಿದ್ದು ಆ ರೋಗದ ಔಷಧಕ್ಕಾಗಿ ಹುಡುಕಾಟಕ್ಕೆ ಕಾರಣವಾಯಿತು. 1947ರಲ್ಲಿ ಪ್ರಕಟವಾದ ಡೈಈಥೈಲ್ ಕಾರ್ಬಮಜೀನ್ (ವ್ಯಾಪಾರನಾಮ ಹೆಟ್ರಜಾನ್) ಅದರ ಫಲ. ಕಲಬುರಗಿ, ಬೀದರ್ ಕಡೆಯಲ್ಲಿಯೂ ಕರಾವಳಿಯಲ್ಲಿಯೂ ಆನೆಕಾಲು ರೋಗ ನಿರ್ಮೂಲನಕ್ಕಾಗಿ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆ ಇದೇ. ಮಣ್ಣಿನ ಜೀವಾಣುಗಳಿಂದ ಬೆಂಜಮಿನ್ ಡಗ್ಗರ್ ಕಂಡುಹಿಡಿದ ಆರಿಯೋಮೈಸಿನ್, ಅಂದರೆ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ, ಹೊರಬಂದದ್ದೂ ಸುಬ್ಬರಾವ್ ಅವರು ನಿರ್ದೇಶಕರಾಗಿದ್ದಾಗಲೇ.

ಕ್ಯಾನ್ಸರ್ ಔಷಧ

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರ್‌ನಿಂದ ನರಳುತ್ತಿದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ಕೊಟ್ಟು ನೋಡಿದಾಗ ರೋಗ ತಗ್ಗುವ ಬದಲು ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ವಸ್ತುವೊಂದು ರೋಗವನ್ನು ತಡೆಯಬಹುದಲ್ಲವೇ ಎಂಬ ಯೋಚನೆ ಮೂಡಿತು. ಅಂತಹ ಪ್ರತಿರೋಧಕಗಳನ್ನು ಲೆಡರ್ಲೆಯ ತಂಡ ತಯಾರಿಸಿಕೊಟ್ಟಿತು. ಅಮಿನೊಪ್ಟೆರಿನ್ ಎಂಬುದನ್ನು ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳ ಸ್ಥಿತಿ ಸುಧಾರಿಸಿತೆಂದು ಫಾರ್ಬರ್ 1948ರ ಜೂನ್‌ನಲ್ಲಿ ವರದಿ ಮಾಡಿದರು. ಸುಧಾರಣೆ ತಾತ್ಕಾಲಿಕವಾಗಿತ್ತು, ಮಕ್ಕಳು ಬದುಕುಳಿಯಲಿಲ್ಲ. ಆದರೂ ರಕ್ತದ ಕ್ಯಾನ್ಸರನ್ನು ರಾಸಾಯನಿಕದಿಂದ ಹಿಮ್ಮೆಟ್ಟಿಸಬಹುದೆಂಬುದು ಅಲ್ಲಿ ಸ್ಪಷ್ಟವಾಯಿತು. ಅಮಿನೊಪ್ಟೆರಿನ್‌ನ ಹತ್ತಿರದ ಬಂಧು ಮೆಥೊಟ್ರೆಕ್ಸೇಟ್, ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದಿಗೂ ಸ್ಥಾನ ಉಳಿಸಿಕೊಂಡಿದೆ. ಕಡಿಮೆ ಪ್ರಮಾಣದಲ್ಲಿ ಅದನ್ನು ಸಂಧಿವಾತಕ್ಕೂ ಕೊಡುತ್ತಾರೆ.

ಈ ಔಷಧಗಳು ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ಅಪ್ಪಿ ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಆ ಕಿಣ್ವ ನಿಂತರೆ ಡಿಎನ್‌ಎ ಕಟ್ಟಲು ಬೇಕಾದ ಸಾಮಗ್ರಿ ಒದಗದೆ, ಬೇಗ ಬೇಗ ವಿಭಜನೆಗೊಳ್ಳುವ ಜೀವಕೋಶಗಳು ಮೊದಲು ಸೋಲುತ್ತವೆ. ಕ್ಯಾನ್ಸರನ್ನು ಅದರ ಕಿಣ್ವಗಳ ಮೂಲಕ ಹಿಡಿಯಬಹುದು ಎಂಬ ಈ ತಿಳಿವು ಮುಂದೆ ಚಿಕಿತ್ಸೆಗೆ ಮಾತ್ರವಲ್ಲದೆ ಅಳತೆಗೂ ದಾರಿಯಾಯಿತು.

ನಿಧನ

1948ರ ಆಗಸ್ಟ್ 8ರ ರಾತ್ರಿ ಮಲಗಿದ ಸುಬ್ಬರಾವ್ ಅವರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಫಾರ್ಬರ್ ಅವರ ವರದಿ ಪ್ರಕಟವಾಗಿ ಎರಡು ತಿಂಗಳಷ್ಟೇ ಆಗಿತ್ತು. ಭಾರತೀಯರು ಅಮೆರಿಕದ ಪೌರತ್ವ ಪಡೆಯಲು 1946ರ ಕಾನೂನು ಅವಕಾಶ ಕೊಟ್ಟಿದ್ದರೂ ಅವರು ಅದನ್ನು ಪಡೆದಿರಲಿಲ್ಲ.

ಗಡ್ಡೆಯ ಆಮ್ಲತೆ, ಕಿಣ್ವ ಮತ್ತು ಕಾಂತೀಯ ಅನುರಣನ

ಸುಬ್ಬರಾವ್ ಅವರು ಹಾರ್ವರ್ಡ್ ಬಿಟ್ಟ ಐದು ವರ್ಷಗಳ ಅನಂತರ, 1945ರ ಡಿಸೆಂಬರ್‌ನಲ್ಲಿ, ಅದೇ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು ಮೇಣದಲ್ಲಿರುವ ಜಲಜನಕದ ನ್ಯೂಕ್ಲಿಯಸ್ಸುಗಳಿಂದ ಅನುರಣನದ ಸಂಕೇತವನ್ನು ಪಡೆದರು. ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ಸ್ವತಂತ್ರವಾಗಿ ನೀರಿನಲ್ಲಿ ಇದನ್ನೇ ಕಂಡರು. ಇಬ್ಬರಿಗೂ 1952ರ ನೊಬೆಲ್ ಪ್ರಶಸ್ತಿ ಸಂದಿತು. ಕರ್ನಾಟಕಕ್ಕೂ ಈ ವಿದ್ಯೆ ತಡವಾಗಿ ಬರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಅನುರಣನ ಸಂಕೇತ ಹೇಗೆ ಬದಲಾಗುತ್ತದೆ ಎಂಬುದನ್ನು 1951ರಲ್ಲಿಯೇ ಪ್ರಕಟಿಸಿದರು. ರಕ್ತದ ಹರಿವನ್ನು ಕಾಂತೀಯ ಅನುರಣನದಿಂದ ಅಳೆಯುವ ಪ್ರಯತ್ನಗಳ ಮೂಲದಲ್ಲಿ ಅವರ ಪ್ರಬಂಧವನ್ನು ನೆನೆಯುತ್ತಾರೆ.

ಆಸ್ಪತ್ರೆಯ ಎಂಆರ್‌ಐ ಯಂತ್ರ ಸಾಮಾನ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಸಂಕೇತವನ್ನು ಹಿಡಿದು ಚಿತ್ರ ಬಿಡಿಸುತ್ತದೆ. ಆದರೆ ರಂಜಕದ ನ್ಯೂಕ್ಲಿಯಸ್ಸು ಕೂಡ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಅದು ತನ್ನದೇ ಆದ ರೇಡಿಯೊ ಆವರ್ತನಕ್ಕೆ ಸ್ಪಂದಿಸುತ್ತದೆ. ಸುತ್ತಲಿರುವ ಪರಮಾಣುಗಳಿಗೆ ತಕ್ಕಂತೆ ಆ ಆವರ್ತನ ಕೂದಲೆಳೆಯಷ್ಟು ಆಚೀಚೆ ಸರಿಯುವುದರಿಂದ, ಒಂದೊಂದು ರಂಜಕ ಸಂಯುಕ್ತವೂ ರೋಹಿತದಲ್ಲಿ ಬೇರೆ ಬೇರೆ ಗೆರೆಯಾಗಿ ಕಾಣುತ್ತದೆ. 1974ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡೇವಿಡ್ ಹೌಲ್ಟ್, ಜಾರ್ಜ್ ರಾಡ್ಡಾ, ರೆಕ್ಸ್ ರಿಚರ್ಡ್ಸ್ ಮೊದಲಾದವರು ಇಲಿಯ ಕಾಲಿನಿಂದ ತೆಗೆದ ಸ್ನಾಯುವನ್ನು ಅರೆಯದೆ, ಇಡಿಯಾಗಿಯೇ ಅಯಸ್ಕಾಂತದೊಳಗಿಟ್ಟು ಅಂತಹ ರೋಹಿತವನ್ನು ಪಡೆದರು. ಎದ್ದು ಕಂಡ ಗೆರೆಗಳು ಐದು: ಬಿಡಿ ಫಾಸ್ಫೇಟಿನದೊಂದು, ಫಾಸ್ಫೋಕ್ರಿಯಾಟಿನ್‌ನದೊಂದು, ಎಟಿಪಿಯವು ಮೂರು. ಸ್ನಾಯುವನ್ನು ಅರೆದು, ಆಮ್ಲ ಬೆರೆಸಿ, ನೀಲಿ ಬಣ್ಣ ನೋಡಿ ಸುಬ್ಬರಾವ್ ಅವರು ಗುರುತಿಸಿದ್ದ ವಸ್ತುಗಳೇ ಇವು.

ಆಮ್ಲತೆ ತಿಳಿಯುವುದು ಹೀಗೆ. ಜೀವಕೋಶದಲ್ಲಿರುವ ಬಿಡಿ ಫಾಸ್ಫೇಟ್ ಎರಡು ರೂಪಗಳಲ್ಲಿರುತ್ತದೆ: ಒಂದಕ್ಕೆ ಜಲಜನಕ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಇವು ಕ್ಷಣಕ್ಷಣಕ್ಕೂ ಅದಲುಬದಲಾಗುತ್ತಿರುವುದರಿಂದ ರೋಹಿತದಲ್ಲಿ ಎರಡರ ಸರಾಸರಿಯಾಗಿ ಒಂದೇ ಗೆರೆ ಮೂಡುತ್ತದೆ. ಪಿಎಚ್ ಸುಮಾರು 6.8ರ ಆಸುಪಾಸಿನಲ್ಲಿ ಎರಡು ರೂಪಗಳೂ ಸಮಸಮವಾಗಿರುತ್ತವೆ. ಆಮ್ಲತೆ ಹೆಚ್ಚಿದರೆ ಗೆರೆ ಒಂದು ಕಡೆಗೆ, ಕಡಿಮೆಯಾದರೆ ಇನ್ನೊಂದು ಕಡೆಗೆ ಸರಿಯುತ್ತದೆ. ಸರಿದದ್ದು ಎಷ್ಟೆಂದು ಅಳೆಯಲು ಅಲುಗಾಡದ ಗುರುತೊಂದು ಬೇಕು. ಫಾಸ್ಫೋಕ್ರಿಯಾಟಿನ್‌ನ ಗೆರೆ ದೇಹದ ಸಹಜ ಆಮ್ಲತೆಯ ವ್ಯಾಪ್ತಿಯಲ್ಲಿ ಬಹುತೇಕ ಕದಲುವುದಿಲ್ಲ. ಆದ್ದರಿಂದ ಅದನ್ನೇ ಸೊನ್ನೆಯೆಂದು ಇಟ್ಟುಕೊಂಡು ಬಿಡಿ ಫಾಸ್ಫೇಟಿನ ದೂರವನ್ನು ಲೆಕ್ಕ ಹಾಕುತ್ತಾರೆ. ಎಷ್ಟೋ ಗಡ್ಡೆಗಳಲ್ಲಿ ಫಾಸ್ಫೋಕ್ರಿಯಾಟಿನ್ ತೀರ ಕಡಿಮೆ; ಆಗ ಎಟಿಪಿಯ ಗೆರೆಯೊಂದನ್ನು ಆಧಾರವಾಗಿ ಹಿಡಿಯುತ್ತಾರೆ. ಯಾವುದನ್ನು ಹಿಡಿದರೂ ಅಳತೆಗೋಲಿನ ಸೊನ್ನೆ ಸುಬ್ಬರಾವ್ ಅವರ ಪಟ್ಟಿಯಿಂದಲೇ ಬಂದದ್ದು.

1980ರ ದಶಕದಲ್ಲಿ ಈ ವಿಧಾನವನ್ನು ಪ್ರಾಣಿಗಳ ಹಾಗೂ ಮನುಷ್ಯರ ಗಡ್ಡೆಗಳಿಗೆ ಅನ್ವಯಿಸಿದಾಗ ಅಚ್ಚರಿಯ ಫಲಿತಾಂಶ ಬಂತು. ಕ್ಯಾನ್ಸರ್ ಜೀವಕೋಶಗಳು ಆಮ್ಲಜನಕ ಸಾಕಷ್ಟಿದ್ದಾಗಲೂ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆಂದು ಜರ್ಮನಿಯ ಓಟೊ ವಾರ್‌ಬುರ್ಗ್ 1920ರ ದಶಕದಲ್ಲಿಯೇ ತೋರಿಸಿದ್ದರು. ಗಡ್ಡೆಗೆ ಸೂಕ್ಷ್ಮ ವಿದ್ಯುದಗ್ರ ಚುಚ್ಚಿ ಅಳೆದವರಿಗೂ ಆಮ್ಲತೆಯೇ ಕಂಡಿತ್ತು. ಹೀಗಾಗಿ ಕ್ಯಾನ್ಸರ್ ಜೀವಕೋಶದ ಒಳಗೆಲ್ಲ ಹುಳಿಯೆಂದೇ ಎಣಿಸಲಾಗಿತ್ತು. ರಂಜಕದ ರೋಹಿತ ಬೇರೆ ಹೇಳಿತು: ಜೀವಕೋಶದ ಒಳಗಿನ ಪಿಎಚ್ ಸುಮಾರು 7ರಿಂದ 7.2, ಅಂದರೆ ಆರೋಗ್ಯವಂತ ಜೀವಕೋಶದಂತೆಯೇ. ಹುಳಿ ಇದ್ದದ್ದು ಜೀವಕೋಶಗಳ ಹೊರಗೆ, ಅವುಗಳ ನಡುವಣ ದ್ರವದಲ್ಲಿ. ಅಲ್ಲಿ ಪಿಎಚ್ 6.5ರವರೆಗೂ ಇಳಿಯಬಲ್ಲದು. ಕ್ಯಾನ್ಸರ್ ಜೀವಕೋಶ ತನ್ನ ಮನೆಯನ್ನು ಗುಡಿಸಿ ಕಸವನ್ನು ಬೀದಿಗೆ ಎಸೆಯುವ ಬಗೆಯದು. ಈ ಹೊರಗಿನ ಆಮ್ಲವು ಸುತ್ತಲಿನ ಅಂಗಾಂಶವನ್ನು ಕೆಡಿಸಿ ಗಡ್ಡೆ ಹರಡಲು ನೆರವಾಗುತ್ತದೆ. ಡಾಕ್ಸೊರೂಬಿಸಿನ್‌ನಂತಹ ಕ್ಷಾರಗುಣದ ಔಷಧಗಳು ಜೀವಕೋಶದ ಒಳಹೋಗದಂತೆ ತಡೆಯುವುದೂ ಇದೇ. ಆದ್ದರಿಂದ ಈ ಅಳತೆ ಕೇವಲ ಕುತೂಹಲದ ವಿಷಯವಲ್ಲ; ರೋಗಿಗೆ ಯಾವ ಔಷಧ ಹಿಡಿಯುತ್ತದೆ ಎಂಬ ಪ್ರಶ್ನೆಯೊಡನೆ ಅದು ನೇರವಾಗಿ ತಳಕು ಹಾಕಿಕೊಂಡಿದೆ.

ಕಿಣ್ವಗಳ ಚಟುವಟಿಕೆಯನ್ನು ಅಳೆಯಲೂ ಇದೇ ಯಂತ್ರ ಬಳಕೆಯಾಗುತ್ತದೆ. ಎಟಿಪಿಯ ಒಂದು ಗೆರೆಯನ್ನು ರೇಡಿಯೊ ತರಂಗದಿಂದ ಮಂಕಾಗಿಸಿದರೆ ಫಾಸ್ಫೋಕ್ರಿಯಾಟಿನ್‌ನ ಗೆರೆಯೂ ಕ್ರಮೇಣ ಕುಗ್ಗುತ್ತದೆ. ಇವೆರಡರ ನಡುವೆ ಫಾಸ್ಫೇಟನ್ನು ಸಾಗಿಸುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಎಷ್ಟು ಚುರುಕಾಗಿದೆ ಎಂಬುದು ಆ ಕುಗ್ಗುವಿಕೆಯ ವೇಗದಿಂದ ತಿಳಿಯುತ್ತದೆ. ರಂಜಕದ ಸಂಕೇತ ದುರ್ಬಲವಾದುದರಿಂದ ಸಣ್ಣ ಗಡ್ಡೆಗಳಲ್ಲಿ ಇದು ಕಷ್ಟ. ದಿನನಿತ್ಯದ ಚಿಕಿತ್ಸೆಯಲ್ಲಿ ಈ ವಿಧಾನಗಳು ಇನ್ನೂ ನೆಲೆಗೊಂಡಿಲ್ಲ. ಈ ಕೊರತೆಯನ್ನು ನೀಗಿಸಲು 2003ರಿಂದೀಚೆಗೆ ಇನ್ನೊಂದು ದಾರಿ ತೆರೆದಿದೆ. ಇಂಗಾಲ-13 ಇರುವ ಪೈರುವೇಟ್ ದ್ರಾವಣವನ್ನು ಅತಿ ಶೀತದಲ್ಲಿ ಸಂಸ್ಕರಿಸಿ ಅದರ ಸಂಕೇತವನ್ನು ಹತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಹೆಚ್ಚಿಸಿ, ಕೂಡಲೇ ರಕ್ತನಾಳಕ್ಕೆ ಕೊಡುತ್ತಾರೆ. ಗಡ್ಡೆಯಲ್ಲಿ ಲ್ಯಾಕ್ಟೇಟ್ ಡಿಹೈಡ್ರೊಜಿನೇಸ್ ಕಿಣ್ವ ಅದನ್ನು ಲ್ಯಾಕ್ಟೇಟ್ ಆಗಿ ಬದಲಿಸುವುದನ್ನು ಒಂದೆರಡು ನಿಮಿಷಗಳೊಳಗೆ ನೋಡಬೇಕು. ಆಮೇಲೆ ಸಂಕೇತ ಮಾಯವಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ನಡೆದ ಇಂತಹ ಮೊದಲ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇದೇ ರೀತಿ ಸಂಸ್ಕರಿಸಿದ ಬೈಕಾರ್ಬನೇಟನ್ನು ಕೊಟ್ಟು, ಅದಕ್ಕೂ ಅದರಿಂದ ಹುಟ್ಟುವ ಇಂಗಾಲದ ಡೈಆಕ್ಸೈಡಿಗೂ ಇರುವ ಪ್ರಮಾಣದಿಂದ ಇಲಿಗಳ ಗಡ್ಡೆಯ ಪಿಎಚ್ ಅನ್ನು ಚಿತ್ರದ ರೂಪದಲ್ಲಿ ಪಡೆದದ್ದು 2008ರಲ್ಲಿ. ಎಕ್ಸ್‌ರೇಗೆ ಬಳಸುವ ಅಯೊಪಮಿಡಾಲ್ ಎಂಬ ವರ್ಣಭೇದಕ ದ್ರವದಿಂದಲೂ ಹೊರಗಿನ ಆಮ್ಲತೆಯನ್ನು ಎಂಆರ್‌ಐನಲ್ಲಿ ಓದುವ ಪ್ರಯೋಗಗಳು ನಡೆದಿವೆ.

ಮನ್ನಣೆ

ಬದುಕಿದ್ದಾಗ ಸುಬ್ಬರಾವ್ ಅವರಿಗೆ ದೊಡ್ಡ ಪ್ರಶಸ್ತಿಗಳೇನೂ ಬರಲಿಲ್ಲ. ಅವರು ಪ್ರಚಾರವನ್ನು ಇಷ್ಟಪಡುತ್ತಿರಲಿಲ್ಲ. ಲೆಡರ್ಲೆಯ ಹಲವು ಪ್ರಬಂಧಗಳಲ್ಲಿ ತಂಡದವರ ಹೆಸರುಗಳು ಮುಂದಿದ್ದು ನಿರ್ದೇಶಕರ ಹೆಸರು ಹಿಂದೆ ಸರಿದಿರುವುದನ್ನು ಕಾಣಬಹುದು. ಶಿಲೀಂಧ್ರದ ಒಂದು ಕುಲಕ್ಕೆ ಅವರ ನೆನಪಿನಲ್ಲಿ ಸುಬ್ಬರೊಮೈಸಿಸ್ ಎಂದು ಹೆಸರಿಡಲಾಗಿದೆ. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಎಸ್.ಪಿ.ಕೆ. ಗುಪ್ತ ಅವರು ಸುಬ್ಬರಾವ್ ಅವರ ಜೀವನಚರಿತ್ರೆಯನ್ನು ಬರೆದಿದ್ದಾರೆ.

ವೈದ್ಯಕೀಯ ಮತ್ತು ವಿಜ್ಞಾನ ಕಾಲೇಜುಗಳ ಜೀವರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಗಳಲ್ಲಿ ರಕ್ತದ ಫಾಸ್ಫೇಟ್ ಅಳೆಯುವ ಪಾಠವನ್ನು ವಿದ್ಯಾರ್ಥಿಗಳು ದಾಖಲೆ ಪುಸ್ತಕದಲ್ಲಿ ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಬರೆದುಕೊಳ್ಳುತ್ತಾರೆ.